ಅಮೆರಿಕದ ಚಾರ್ಟರ್ ಶಾಲೆಗೂ ಮಾಮೂಲಿ ಸರ್ಕಾರಿ ಶಾಲೆಗೂ ಏನು ವ್ಯತ್ಯಾಸ? ಯಾರು ಯಾರಿಗೆ ಲೆಕ್ಕ ಕೊಡಬೇಕು?

ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ನಡೆಯುವುದು ಸರ್ಕಾರದ ದುಡ್ಡಿನಲ್ಲೇ, ಫೀಸ್ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. ಇದಕ್ಕೆ ಮೊದಲ ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ.

ಮೇಷ್ಟ್ರ ನೇಮಕ, ಪಾಠದ ರೀತಿ, ಶಾಲೆಯ ಸಮಯ, ಖರ್ಚು ಇವನ್ನೆಲ್ಲ ಬಹುಮಟ್ಟಿಗೆ ಶಾಲೆಯೇ ತೀರ್ಮಾನಿಸುತ್ತದೆ. ರಾಜ್ಯದ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಈ ಸ್ವಾತಂತ್ರ್ಯಕ್ಕೆ ಬದಲಾಗಿ, ಶಾಲೆಗೆ ಅನುಮತಿ ಕೊಡುವ ಸಂಸ್ಥೆಯ ಜೊತೆ ಒಂದು ಕರಾರು ಇರುತ್ತದೆ (ಇದೇ ‘ಚಾರ್ಟರ್’), ಅನೇಕ ಕಡೆ 5 ವರ್ಷದ್ದು. ಮಕ್ಕಳ ಕಲಿಕೆ ಕುಸಿದರೆ, ಲೆಕ್ಕಪತ್ರ ಹದಗೆಟ್ಟರೆ, ಅನುಮತಿ ಕೊಟ್ಟವರು ಕರಾರು ಮುಂದುವರಿಸದೆ ಬೀಗ ಹಾಕಿಸಬಹುದು. ಮಾಮೂಲಿ ಶಾಲೆ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ.

ನನಗೆ ಕಾಣುವ ತೊಡಕು ಬೇರೆ. ಮಾಮೂಲಿ ಶಾಲೆಗಳ ಮಂಡಳಿಯನ್ನು ಹೆಚ್ಚಿನ ಕಡೆ ಜನರೇ ಆರಿಸುತ್ತಾರೆ; ಸರಿಯಾಗಿ ನಡೆಸದವರನ್ನು ಮುಂದಿನ ಚುನಾವಣೆಯಲ್ಲಿ ಇಳಿಸಬಹುದು. ಚಾರ್ಟರ್ ಶಾಲೆಯ ಮಂಡಳಿಗೆ ಸಾಮಾನ್ಯವಾಗಿ ಊರಿನವರ ವೋಟಿಲ್ಲ. ಬೇಡ ಅನಿಸಿದರೆ ಮಗುವನ್ನು ಬಿಡಿಸಿಕೊಂಡು ಹೋಗಬೇಕು, ಅಷ್ಟೇ. ವರ್ಷದ ನಡುವೆ ಶಾಲೆ ಬದಲಿಸುವುದು ಸುಮ್ನೆ ಮಾತಲ್ಲ, ಅಲ್ವಾ?

ಕರಾರಿನ ಬಿಗಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅರಿಜೋನಾದಲ್ಲಿ ಮೊದಲ ಕರಾರೇ 15 ವರ್ಷದ್ದು.