‘ಹ್ಯಾವ್’ ಇದ್ದಲ್ಲಿ ಕನ್ನಡದ ‘ಇರು’ ಇದೆ

ಪ್ರಶ್ನೆ: ಕೆಲಸದ ಸಂದರ್ಶನದಲ್ಲಿ ಕುಟುಂಬದ ಬಗ್ಗೆ ಕೇಳಿದಾಗ ‘ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂದೆ. ಎದುರಿಗಿದ್ದವರು ನಕ್ಕು, ‘ಐ ಹ್ಯಾವ್’ ಎಂದು ತಿದ್ದಿದರು. ಆದರೆ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂದು ಎಲ್ಲರೂ ಹೇಳುತ್ತಾರಲ್ಲ? ಅದು ಸರಿಯಾದರೆ ಇದೇಕೆ ತಪ್ಪು? ‘ಹ್ಯಾಡ್’ ಎಲ್ಲಿ ಬಳಸಬೇಕೆಂಬುದೂ ತಿಳಿಯುತ್ತಿಲ್ಲ.

ಉತ್ತರ: ಅವರು ನಕ್ಕಿದ್ದಕ್ಕೆ ಬೇಸರ ಬೇಡ. ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಆಕೆ ಗರ್ಭಿಣಿ, ಇಲ್ಲವೇ ಈಗ ಹೆರಿಗೆಯಾಗುತ್ತಿದೆ ಎಂದರ್ಥ. ನಿಮ್ಮ ಮಾತು ಅವರಿಗೆ ಅವಳಿ ಮಕ್ಕಳ ಸುದ್ದಿಯಂತೆ ಕೇಳಿಸಿರಬೇಕು.

ಗೊಂದಲದ ಬೇರು ನಮ್ಮ ನಿಘಂಟುಗಳಲ್ಲಿದೆ. ‘ಹ್ಯಾವ್’ ಎಂದರೆ ‘ಹೊಂದು’ ಎಂದು ಬರೆದು ಅವು ಕೈತೊಳೆದುಕೊಳ್ಳುತ್ತವೆ. ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಾರೆಯೇ? ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುತ್ತೇವೆ. ಇಂಗ್ಲಿಷಿನವರು ಹಿಡಿದುಕೊಳ್ಳುವುದನ್ನು ನಾವು ಇರಗೊಡುತ್ತೇವೆ. ‘ಮಮ ಪುತ್ರಃ ಅಸ್ತಿ’ ಎನ್ನುವ ಸಂಸ್ಕೃತದ್ದೂ ಹೆಚ್ಚುಕಡಿಮೆ ಇದೇ ದಾರಿ. ಹಾಗಾಗಿ ‘ಹೊಂದು’ವನ್ನು ಸದ್ಯಕ್ಕೆ ಮರೆತು, ‘ಹ್ಯಾವ್’ ಕಂಡಲ್ಲೆಲ್ಲ ‘ಇರು’ವನ್ನು ಇಟ್ಟು ನೋಡಿ.

ಕನ್ನಡ ಇಲ್ಲಿ ಒಂದು ಸೂಕ್ಷ್ಮವನ್ನೂ ಕಾಪಾಡಿಕೊಂಡಿದೆ. ಮಕ್ಕಳು, ತಲೆನೋವು, ಅನುಮಾನ ‘ನನಗೆ’ ಇರುತ್ತವೆ. ಪೆನ್ನು, ಕೊಡೆ, ಚಿಲ್ಲರೆ ‘ನನ್ನ ಹತ್ತಿರ’ ಇರುತ್ತವೆ. ‘ನನಗೆ ಪೆನ್ನಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಇಂಗ್ಲಿಷಿಗೆ ಈ ಭೇದವಿಲ್ಲ, ಎಲ್ಲಕ್ಕೂ ಒಂದೇ ‘ಹ್ಯಾವ್’. ‘ಶಿ ಹ್ಯಾವ್’ ಎಂಬ ತಪ್ಪು ಎಲ್ಲಿಂದ ಬರುತ್ತದೆ ಎಂಬುದಕ್ಕೂ ಇಲ್ಲೊಂದು ಸುಳಿವಿದೆ. ‘ಅವಳಿಗೆ ಮಕ್ಕಳಿದ್ದಾರೆ’ ಎನ್ನುವಾಗ ನಮ್ಮ ಕ್ರಿಯಾಪದ ಮಕ್ಕಳ ಕಡೆಗೆ ನೋಡುತ್ತದೆ, ಅವಳ ಕಡೆಗಲ್ಲ. ಇಂಗ್ಲಿಷಿನದು ಅವಳನ್ನೇ ನೋಡುತ್ತದೆ. ಮಕ್ಕಳು ಎಷ್ಟೇ ಇರಲಿ, ‘ಶಿ ಹ್ಯಾಸ್’.

ಈಗ ನಿಮ್ಮ ಊಟದ ಪ್ರಶ್ನೆ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. ‘ಇದೆ, ಇದ್ದಾರೆ’ ಬಂದರೆ ‘ಹ್ಯಾವಿಂಗ್’ ಬೇಡ. ‘ಮಾಡು, ತಿನ್ನು, ಆಗು’ ಬಂದರೆ ಧಾರಾಳವಾಗಿ ಹೇಳಿ. ‘ಊಟ ಮಾಡುತ್ತಿದ್ದೇನೆ’, ಆದ್ದರಿಂದ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ. ‘ತೊಂದರೆ ಆಗುತ್ತಿದೆ’, ಆದ್ದರಿಂದ ‘ವಿ ಆರ್ ಹ್ಯಾವಿಂಗ್ ಟ್ರಬಲ್’ ಕೂಡ ಸರಿ. ಈ ಪರೀಕ್ಷೆ ಆಗಾಗ ಕೈಕೊಡುತ್ತದೆ: ‘ತಲೆ ನೋಯುತ್ತಿದೆ’ ಎಂದು ನಾವು ಹೇಳಬಹುದು, ಆದರೂ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಹೆಡೇಕ್’ ಎನ್ನುವುದೇ ರೂಢಿ. ಅಂಥ ಒಂದೆರಡನ್ನು ಬಾಯಿಪಾಠ ಮಾಡಿಕೊಳ್ಳುವುದೇ ವಾಸಿ.

‘ಹ್ಯಾವ್ ಟು’ ಬಂದಾಗ ಮಾತ್ರ ‘ಇರು’ ಸಲ್ಲದು, ಅಲ್ಲಿ ‘ಬೇಕು’ ಸಾಕು. ‘ಐ ಹ್ಯಾವ್ ಟು ಗೋ’, ಅಂದರೆ ನಾನು ಹೋಗಬೇಕು. ಆಡುಮಾತಿನಲ್ಲಿ ಅದು ‘ಹ್ಯಾಫ್ಟ’ ಎಂದು ಕೇಳಿಸಿದರೆ ಗಾಬರಿಯಾಗಬೇಡಿ.

‘ಹ್ಯಾಡ್’ ವಿಷಯದಲ್ಲಿ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ಬಂದಿದ್ದೇನೆ’ ಎಂಬುದನ್ನು ಬಿಡಿಸಿ: ಬಂದು, ಇದ್ದೇನೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಕಮ್’. ಇಲ್ಲಿಯೂ ‘ಹ್ಯಾವ್’ ಇರುವಲ್ಲಿ ‘ಇರು’ ಕುಳಿತಿದೆ, ನೋಡಿ. ಅದೇ ಧೈರ್ಯದಲ್ಲಿ ‘ನಿನ್ನೆ ಸಿನಿಮಾಕ್ಕೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್’ ಮಾಡಿದರೆ ಎಡವುತ್ತೇವೆ. ನಮ್ಮ ‘ಹೋಗಿದ್ದೆ’ ತಾನೊಂದೇ ನಿಲ್ಲಬಲ್ಲದು. ಇಂಗ್ಲಿಷಿನ ‘ಹ್ಯಾಡ್ ಗಾನ್’ ಹಾಗೆ ನಿಲ್ಲುವುದಿಲ್ಲ, ಅದರ ನಂತರ ನಡೆದ ಇನ್ನೊಂದು ಘಟನೆಯನ್ನು ಕೇಳುತ್ತದೆ. ‘ನೀವು ಫೋನ್ ಮಾಡುವಷ್ಟರಲ್ಲಿ ನಾನು ಹೋಗಿದ್ದೆ’ ಎಂಬಲ್ಲಿ ‘ಹ್ಯಾಡ್ ಗಾನ್’ ಒಪ್ಪುತ್ತದೆ. ಬರೀ ನಿನ್ನೆಯ ಸುದ್ದಿಯಾದರೆ ‘ವೆಂಟ್’ ಎಂದು ಮುಗಿಸಿ. ನಮ್ಮವರ ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ಇದೇ; ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಬರುತ್ತದೆ.

ಪದಗಳ ಜಾಗವನ್ನೂ ಗಮನಿಸಿ. ‘ಐ ಹ್ಯಾಡ್ ರಿಪೇರ್ಡ್ ದ ಕಾರ್’ ಎಂದರೆ ಕೈಗೆ ಎಣ್ಣೆ ಮೆತ್ತಿದ್ದು ನಿಮಗೆ: ರಿಪೇರಿ ಮಾಡಿದ್ದೆ. ‘ಐ ಹ್ಯಾಡ್ ದ ಕಾರ್ ರಿಪೇರ್ಡ್’ ಎಂದರೆ ಬೇರೆಯವರಿಗೆ: ರಿಪೇರಿ ಮಾಡಿಸಿದೆ. ನಮಗೆ ‘ಇಸು’ ಮಾಡಿಕೊಡುವ ಕೆಲಸವನ್ನು ಅವರು ಪದದ ಸ್ಥಾನ ಬದಲಿಸಿ ಮಾಡುತ್ತಾರೆ.

ಕೊನೆಯದಾಗಿ, ಹಲವರು ಅಚ್ಚಿನ ದೋಷವೆಂದು ಹೊಡೆದುಹಾಕುವ ‘ಹ್ಯಾಡ್ ಹ್ಯಾಡ್’. ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ’ ಎಂಬುದು ನಿಮಗೆ ವಿಚಿತ್ರವಾಗಿ ಕಂಡರೆ, ‘ಹಣ ಇದ್ದಿದ್ದರೆ’ ಎಂದು ಒಮ್ಮೆ ನಿಧಾನವಾಗಿ ಹೇಳಿ. ಇದ್ದು, ಇದ್ದರೆ: ಅಲ್ಲಿಯೂ ‘ಇರು’ ಎರಡು ಸಲ ಬಂದಿದೆ.