ಮಹಜರಿಗೆ ಸಹಿ ಹಾಕಿದ್ದು ಎಲ್ಲಿ?

ಜೇವರ್ಗಿ ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹೊಲದ ಬದುವಿನ ಜಗಳದಲ್ಲಿ ಅವರ ಊರಿನವರೊಬ್ಬರಿಗೆ ಕೊಡಲಿ ಏಟು ಬಿತ್ತು. ಹೊಡೆದವನು ಯಾರು ಅಂತ ಇಡೀ ಊರಿಗೆ ಗೊತ್ತು. ಆದರೂ ಕಲಬುರಗಿಯ ಸೆಷನ್ಸ್ ಕೋರ್ಟಿನಲ್ಲಿ ಅವನು ಬಿಡುಗಡೆಯಾದ. "ವಕೀಲರು ಸುಳ್ಳನ್ನು ನಿಜ ಮಾಡೋದು ಹೇಗೆ ಸಾರ್?" ಅಂತ ಕೇಳಿದ್ದಾರೆ. ಕೊನೆಗೆ ಒಂದು ಸಾಲು: "ಕೊಡಲಿ ಜಪ್ತಿಗೆ ನಾನೂ ಪಂಚನಾಗಿದ್ದೆ, ಪೊಲೀಸರು ಹೇಳಿದ ಕಡೆ ಸಹಿ ಹಾಕಿ ಬಂದೆ." (ಪಂಚ ಅಂದರೆ ಪೊಲೀಸರು ಜಪ್ತಿ ಮಾಡುವುದನ್ನು ಕಣ್ಣಾರೆ ನೋಡಿ, ಅದರ ದಾಖಲೆಯಾದ ಮಹಜರಿಗೆ ಸಹಿ ಹಾಕುವ ಸಾಕ್ಷಿ.)

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ಉತ್ತರ ಆ ಕೊನೆಯ ಸಾಲಿನಲ್ಲೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಆರೋಪಿ ಪರ ವಕೀಲ ತನ್ನ ಕಕ್ಷಿದಾರ ಒಳ್ಳೆಯವನು ಅಂತ ಸಾಬೀತು ಮಾಡಬೇಕಾಗಿಲ್ಲ. ಆರೋಪಿ ಬಾಯಿ ಬಿಡದೇ ಕೂತರೂ ನಡೆಯುತ್ತದೆ. ಸಾಬೀತು ಮಾಡುವ ಹೊರೆ ಸರ್ಕಾರದ್ದು. ಹಾಗಾಗಿ ವಕೀಲರ ಅರ್ಧ ಕೆಲಸ ಕೋರ್ಟಿಗೆ ಬರುವ ಮೊದಲೇ ಮುಗಿದಿರುತ್ತದೆ. ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಡಾಕ್ಟರ ವರದಿ, ಮಹಜರು, ಎಲ್ಲದರ ಪ್ರತಿ ಆರೋಪಿಗೆ ಪುಕ್ಕಟೆ ಸಿಗುತ್ತದೆ. ಅದನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಓದಬೇಕು. ಎಫ್‌ಐಆರ್‌ನಲ್ಲಿ ಬಡಿಗೆ ಅಂತಿದ್ದು, ಕೋರ್ಟಿನಲ್ಲಿ ಅದೇ ಸಾಕ್ಷಿ ಕೊಡಲಿ ಅಂದರೆ? ಕಲ್ಲು ಸಿಕ್ಕಿತು.

ಒಮ್ಮೆ ಸುಮ್ನೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೇ ತಿಂಗಳ ಬಿಸಿಲು, ಮೇಲೆ ಕರಿ ಕೋಟು, ವಕೀಲರು ಬೆವರಿನಲ್ಲಿ ತೊಯ್ದಿದ್ದರು. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಆರೋಪಿ ಪರ ವಕೀಲರು ಕೇಳಿದ್ದು ಮೂರೇ ಪ್ರಶ್ನೆ. "ರಾತ್ರಿ ಎಷ್ಟು ಹೊತ್ತಾಗಿತ್ತು?" ಒಂಬತ್ತೂವರೆ. "ಎಷ್ಟು ದೂರ ಇದ್ದಿರಿ?" ಮೂವತ್ತು ಹೆಜ್ಜೆ. "ಮುಖ ಹೇಗೆ ಕಂಡಿತು?" ಬೀದಿ ದೀಪ ಇತ್ತಲ್ರಿ. ಅಷ್ಟೇ, ಕೂತುಬಿಟ್ಟರು. ನನಗೆ ನಿರಾಸೆ! ಮುಂದಿನ ತಾರೀಖಿಗೆ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕ ತರಿಸಿದರು. ಆ ರಾತ್ರಿ ಎಂಟೂಮುಕ್ಕಾಲಿನಿಂದ ಹತ್ತರವರೆಗೆ ಆ ಲೈನಿನಲ್ಲಿ ಕರೆಂಟೇ ಇರಲಿಲ್ಲ. ಸಾಕ್ಷಿ ಸುಳ್ಳುಗಾರನಂತೆ ನನಗೆ ಕಾಣಲಿಲ್ಲ. ಕೇಳಿದ್ದನ್ನು ನೋಡಿದೆ ಅಂದುಕೊಂಡಿದ್ದನೋ ಏನೋ. ಆದರೆ ಕೇಸು ಅಲ್ಲಿಗೇ ಮುಗಿಯಿತು. "ಇಡೀ ಊರಿಗೆ ಗೊತ್ತು" ಅಂತ ನೀವು ಬರೆದಿದ್ದೀರಲ್ಲ, ಅದರಲ್ಲಿ ಕಣ್ಣಾರೆ ಕಂಡವರು ಎಷ್ಟು ಜನ?

ಈಗ ಕೊಡಲಿಗೆ ಬರೋಣ. ಪೊಲೀಸರ ಮುಂದೆ ಆರೋಪಿ "ನಾನೇ ಹೊಡೆದೆ" ಅಂದರೂ ಆ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಆದರೆ "ಕೊಡಲಿ ಇಂಥ ಕಡೆ ಬಚ್ಚಿಟ್ಟಿದ್ದೇನೆ" ಅಂದು ಅದು ಅಲ್ಲೇ ಸಿಕ್ಕರೆ, ಅಷ್ಟು ಮಾತು ಮಾತ್ರ ನಡೆಯುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಹೇಳುತ್ತಿದ್ದದ್ದು ಇದನ್ನೇ, ಹೊಸ ಕಾಯ್ದೆಯಲ್ಲಿ ಅದು 23ನೇ ಕಲಮಿಗೆ ಸೇರಿದೆ. ಅಂದಮೇಲೆ ಕೊಡಲಿ ಸಿಕ್ಕ ಜಾಗ, ಅದನ್ನು ನೋಡಿದ ಪಂಚರು, ಇವೇ ಕೇಸಿನ ಜೀವ. ಪಂಚನನ್ನು ವಕೀಲರು ಕೇಳುವುದು ಒಂದೇ: "ಸಹಿ ಹಾಕಿದ್ದು ಹೊಲದಲ್ಲೋ, ಠಾಣೆಯಲ್ಲೋ?" ನೀವೇನು ಹೇಳಿದಿರಿ ಅಂತ ಪತ್ರದಲ್ಲಿಲ್ಲ. ಠಾಣೆಯಲ್ಲಿ ಅಂದಿದ್ದರೆ, ಕೊಡಲಿ ಸಿಕ್ಕಿದ್ದನ್ನು ನೀವು ನೋಡೇ ಇಲ್ಲ ಅಂತಾಗಿ ಕೊಡಲಿ ಹೆಚ್ಚುಕಡಿಮೆ ಕೈಬಿಟ್ಟಂತೆ. ಪಂಚರು ಹಾಸ್ಟೈಲ್ ಆದರೂ, ಅಂದರೆ ಕೋರ್ಟಿನಲ್ಲಿ ಉಲ್ಟಾ ಹೊಡೆದರೂ, ತನಿಖಾಧಿಕಾರಿಯ ಮಾತನ್ನು ಕೋರ್ಟ್ ನಂಬಬಹುದು, ಆದರೆ ಆ ಮಾತಿನಲ್ಲಿ ಎಲ್ಲೂ ತೂತು ಇರಬಾರದು. 2024ರ ಜುಲೈ 1ರಿಂದ ಜಪ್ತಿಯನ್ನು ವಿಡಿಯೋ ಮಾಡಲೇಬೇಕು ಅಂತ ಕಾನೂನು ಬಂದಿದೆ. ಇನ್ನು ಮೇಲೆ ಮಹಜರನ್ನು ಚಹಾದಂಗಡಿಯಲ್ಲಿ ಬರೆಯುವುದು ಕಷ್ಟ.

ದುಡ್ಡು ಕೊಟ್ಟು ಸಾಕ್ಷಿ ತಿರುಗಿಸುವವರು ಇಲ್ಲವೇ ಇಲ್ಲ ಅಂದರೆ ನೀವು ನಗುತ್ತೀರಿ. ಇದ್ದಾರೆ, ಅದು ಅಪರಾಧ. ಆದರೆ ಜಾಸ್ತಿ ಕೇಸು ಬೀಳೋದು ತನಿಖೆಯ ಸೋಮಾರಿತನದಿಂದ ಅಂತಲೇ ನನ್ನ ಅನುಮಾನ.

ಗಾಯಗೊಂಡವರಿಗೆ ಒಂದು ವಿಷಯ ತಿಳಿಸಿ. ಬಿಡುಗಡೆಯ ತೀರ್ಪಿನ ಮೇಲೆ ಸರ್ಕಾರ ಮಾತ್ರವಲ್ಲ, ಸಂತ್ರಸ್ತರೂ ಮೇಲ್ಮನವಿ ಹಾಕಬಹುದು. 2009ರ ಕೊನೆಯಿಂದ ಈ ಹಕ್ಕು ಇದೆ. ಹೈಕೋರ್ಟಿಗಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ, 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದದ್ದು 2013ರಿಂದ ಕಲಬುರಗಿಯಲ್ಲೇ ಕಾಯಂ ಪೀಠವಾಗಿದೆ. ತಡ ಮಾಡಬೇಡಿ, ಗಡುವು ಇರುತ್ತದೆ. ಮೊದಲು ತೀರ್ಪಿನ ಪ್ರತಿ ತೆಗೆಸಿ ನೀವೇ ಓದಿ. ನಿಮ್ಮ ಸಾಕ್ಷಿಯ ಬಗ್ಗೆ ನ್ಯಾಯಾಧೀಶರು ಏನು ಬರೆದಿದ್ದಾರೆ ಅಂತ ಅದರಲ್ಲಿ ಇರುತ್ತದೆ.