ದೃಷ್ಟಿಬೊಟ್ಟಿನ 21 ದಿನ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಬೀದರ್‌ನಲ್ಲಿ ಓದುತ್ತಿದ್ದೀರಿ. ಮೊಬೈಲು, ಟಿವಿ ಗದ್ದಲದಲ್ಲಿ ನಾವು ಸುತ್ತಲಿನವರನ್ನೇ ನೋಡುತ್ತಿಲ್ಲ ಅನ್ನೋದನ್ನ ನಿಮ್ಮದೇ ಮೈ, ನಿಮ್ಮದೇ ಫೋಟೊ ಬಳಸಿ ಹೇಳಬೇಕು ಅಂತಿದ್ದೀರಿ. "ಇದೂ ಒಂದು ಸೆಲ್ಫಿಯೇ ಅಲ್ವಾ? ನಮ್ಮ ಕಡೆ ಜನಕ್ಕೆ ತಿಳಿಯುತ್ತಾ?" ಅಂತ ಕೇಳಿದ್ದೀರಿ. ನಾನು ಕಲಬುರಗಿಯವಳು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಇಂಥದೊಂದನ್ನು ಮಾಡಿದ್ದೇನೆ. ಅದನ್ನೇ ಹೇಳುತ್ತೇನೆ.

2022ರ ಕೊನೆ. ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದಿತ್ತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ದಾರಿಯನ್ನೇ ಮುಚ್ಚುತ್ತದೆ. ಹೂವು, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗುತ್ತದೆ. ನಮ್ಮ ಕಾಕಾ ಊರಿಂದ ಬಂದವರು ಪಡಸಾಲೆಯಲ್ಲಿ ಕೂತು, "ಹೊಲ ಎಲ್ಲಾ ಒಣಗ್ಲಕತ್ತದವ್ವಾ" ಅಂದರು. ನಾನು "ಹೂಂ" ಅಂದೆ. ಕೈಯಲ್ಲಿ ಫೋನಿತ್ತು. ಎಲ್ಲೋ ದೂರದ ಸುದ್ದಿಯ ಕೆಳಗೆ ಜನ ಜಗಳ ಆಡುವುದನ್ನು ಓದುತ್ತಿದ್ದೆ. ನಾಲ್ಕು ದಿನ ಬಿಟ್ಟು ಅವ್ವ ಅದೇ ಮಾತು ತೆಗೆದಾಗ, "ಯಾವಾಗ ಆಯ್ತು?" ಅಂತ ಕೇಳಿದೆ. ಅವ್ವ ಏನೂ ಅನ್ನಲಿಲ್ಲ. ಸುಮ್ನೆ ನನ್ನ ಮುಖ ನೋಡಿದಳು.

ಮಾರನೇ ದಿನ ಒಂದು ನೇಮ ಹಾಕಿಕೊಂಡೆ. ಕೆಲಸವಿಲ್ಲದೆ ಕೈ ಫೋನಿಗೆ ಹೋದಾಗಲೆಲ್ಲ ಮುಖಕ್ಕೆ ಕಾಡಿಗೆಯ ಒಂದು ಬೊಟ್ಟು. ಕಣ್ಣು ತಾಗದಿರಲಿ ಅಂತ ಮಗುವಿಗೆ ದೃಷ್ಟಿಬೊಟ್ಟು ಇಡುತ್ತೇವಲ್ಲ, ಅದೇ. ಇಲ್ಲಿ ದಾರಿ ತಪ್ಪಿದ ದೃಷ್ಟಿ ನನ್ನದು. ಮೊದಲು ವಿಭೂತಿ ಅಂದುಕೊಂಡಿದ್ದೆ. ಆದರೆ ಅದನ್ನು ಭಕ್ತಿಯಿಂದ ಹಚ್ಚುವವರಿದ್ದಾರೆ, ತಪ್ಪಿನ ಗುರುತು ಮಾಡುವುದು ಸರಿ ಅನ್ನಿಸಲಿಲ್ಲ. ರಾತ್ರಿ 10ಕ್ಕೆ ಹಿತ್ತಲಿನ ಶಹಾಬಾದ್ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು. ಒಂದೇ ಬಲ್ಬು, ಒಂದೇ ದೂರ, ಒಂದೇ ಫೋಟೊ. ಹೀಗೆ 21 ದಿನ. ಮೊದಲ ದಿನ 71 ಬೊಟ್ಟು ಬಿದ್ದವು. ಅದೇ ಮುಖದಲ್ಲಿ ಶಾಲೆಗೆ ಹೋದೆ, ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ತಂದೆ. ನಿಜವಾದ ಪ್ರದರ್ಶನ ಅದು. ಫೋಟೊ ಅದರ ಸಾಕ್ಷಿ ಅಷ್ಟೇ.

ಸೆಲ್ಫಿಗೂ ಇದಕ್ಕೂ ಇರುವ ವ್ಯತ್ಯಾಸ ಆ ನೇಮದಲ್ಲೇ ಇದೆ. ಸೆಲ್ಫಿಯಲ್ಲಿ ಹತ್ತು ತೆಗೆದು ಚೆಂದದ್ದು ಒಂದು ಇಟ್ಟುಕೊಳ್ಳುತ್ತೇವೆ. ಇಲ್ಲಿ ಆರಿಸುವ ಹಕ್ಕು ನಿಮಗಿಲ್ಲ. ತೈವಾನ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ ಕಲಾವಿದ ತೆಚಿಂಗ್ ಶಿಯೆ ಅವರ ಕೆಲಸ ಹುಡುಕಿ ನೋಡಿ. 1980ರ ಏಪ್ರಿಲ್‌ನಿಂದ ಒಂದು ವರ್ಷ, ಹಗಲು ರಾತ್ರಿ ಅನ್ನದೆ, ಪ್ರತಿ ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರದಲ್ಲಿ ಕಾರ್ಡು ಒತ್ತಿ ತಮ್ಮದೊಂದು ಚಿತ್ರ ತೆಗೆದರು. ಶುರುವಿನಲ್ಲಿ ತಲೆ ಬೋಳಿಸಿಕೊಂಡಿದ್ದರು, ಕೂದಲು ಬೆಳೆದಂತೆ ಕಾಲ ಹೋಗಿದ್ದು ಕಾಣುತ್ತದೆ. 8,760 ಗಂಟೆಗಳಲ್ಲಿ 133 ತಪ್ಪಿದವು. ತಪ್ಪಿದ್ದನ್ನೂ ಲೆಕ್ಕ ಇಟ್ಟು ತೋರಿಸಿದರು. ನನಗೆ ಅದು ತುಂಬಾ ಹಿಡಿಸಿತು.

ನಮ್ಮ ರಾಜ್ಯದವರೇ ಬೇಕೆಂದರೆ ಬೆಂಗಳೂರಿನ ಪುಷ್ಪಮಾಲಾ ಎನ್. ಇದ್ದಾರೆ. ಶಿಲ್ಪಿಯಾಗಿ ಶುರು ಮಾಡಿದವರು. 1990ರ ದಶಕದಿಂದ ಸಿನಿಮಾ, ಕ್ಯಾಲೆಂಡರ್, ಪತ್ರಿಕೆಯ ಚಿತ್ರಗಳಲ್ಲಿನ ಹೆಂಗಸರ ವೇಷ ತಾವೇ ಹಾಕಿ ಫೋಟೊ ಮಾಡುತ್ತಾ ಬಂದಿದ್ದಾರೆ. ಕ್ಯಾಲೆಂಡರ್ ಅಂದಾಗ ನಮ್ಮ ಎಸ್.ಎಂ. ಪಂಡಿತ್ ನೆನಪಾಗುತ್ತಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ದೇಶದ ಎಷ್ಟೋ ಮನೆಗಳ ಗೋಡೆಗೆ ದೇವರ ಚಿತ್ರ ಕೊಟ್ಟವರು. ಜನರ ಕಣ್ಣು ಹಿಡಿದು ನಿಲ್ಲಿಸುವ ಚಿತ್ರ ನಮ್ಮೂರಿಗೆ ಹೊಸದಲ್ಲ.

ಜನಕ್ಕೆ ತಿಳಿಯುತ್ತಾ ಅಂತ ಹೆದರಬೇಡಿ. ಹಗಲುವೇಷದವರನ್ನು ನೋಡಿ ಬೆಳೆದ ಸೀಮೆ ನಮ್ಮದು. ರಂಗಸ್ಥಳ ಇಲ್ಲ, ಪರದೆ ಇಲ್ಲ, ಬಣ್ಣ ಹಚ್ಚಿಕೊಂಡು ಬಿಸಿಲಲ್ಲೇ ಮನೆ ಬಾಗಿಲಿಗೆ ಬರುತ್ತಾರೆ. ನಮ್ಮ ಓಣಿಯ ಒಬ್ಬ ಆಯಿ ಮೂರನೇ ದಿನ ನನ್ನನ್ನು ತಡೆದು, "ಯಾಕವ್ವಾ, ಮಾರಿಗೆ ಹಿಂಗ್ಯಾಕ ಮಾಡ್ಕೊಂಡಿ?" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ನೋಡಿ, "ನಿನ್ನಿ ಎಷ್ಟಿದ್ದವು?" ಅಂತ ಕೇಳಿದಳು. ಆಮೇಲೆ ದಿನಾ ಕೇಳುತ್ತಿದ್ದಳು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬರೀ ಫೋನು ಕೆಟ್ಟದ್ದು ಅಂತ ತೋರಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ನೋಡುವಾಗ ಏನನ್ನು ನೋಡಲಿಲ್ಲ ಅನ್ನೋದು ಚಿತ್ರದೊಳಗೆ ಬರಬೇಕು. ನನಗೆ ಇದು ತಿಳಿದದ್ದು ಕೊನೆಗೆ. 21ನೇ ದಿನ ಕಾಕಾನ ಹೊಲಕ್ಕೆ ಹೋದೆ. ಬೆಳಗಿನಿಂದ ಸಂಜೆವರೆಗೂ ಅವರ ಜೊತೆ ಇದ್ದೆ. ಅವರು ಒಣಗಿದ ಗಿಡವೊಂದನ್ನು ಕಿತ್ತು, ಕಾಂಡ ಸೀಳಿ ತೋರಿಸಿದರು. ಸಿಪ್ಪೆಯ ಕೆಳಗೆ ಉದ್ದಕ್ಕೂ ಕಪ್ಪು ಗೆರೆಗಳು. ಆ ರಾತ್ರಿ ಮುಖದಲ್ಲಿ 9 ಬೊಟ್ಟು. ಸೀಳಿದ ಕಾಂಡವನ್ನು ಎದೆಗೆ ಹಿಡಿದು ಅದೇ ಗೋಡೆಗೆ ನಿಂತೆ.

ಮುಗಿಯುವ ತನಕ ಒಂದನ್ನೂ ಆನ್‌ಲೈನ್‌ಗೆ ಹಾಕಬೇಡಿ. ಲೈಕು ಬರಲು ಶುರುವಾದರೆ ನೇಮ ಸಡಿಲಾಗುತ್ತದೆ. ಗುಡಿ, ದರ್ಗಾ, ಕೋಟೆಯಲ್ಲಿ ಮಾಡುವುದಾದರೆ ಮೊದಲೇ ಅನುಮತಿ ಕೇಳಿ. ದಾರಿಹೋಕರ ಮುಖ ಫೋಟೊದಲ್ಲಿ ಬರದಂತೆ ನೋಡಿಕೊಳ್ಳಿ. ನಾನು ಸಾದಾ ಪ್ರಿಂಟ್ ತೆಗೆಸಿ ಓಣಿಯಲ್ಲೇ ದಾರಕ್ಕೆ ತೂಗುಹಾಕಿದೆ. ಕಾಕಾ ಬಂದು ಕೊನೆಯ ಚಿತ್ರದ ಮುಂದೆ ನಿಂತರು. ಅಲ್ಲಿದ್ದ ಹುಡುಗರಿಗೆ ಕಾಂಡದ ಗೆರೆ ತೋರಿಸಿ, ರೋಗ ಹೆಂಗ ಏರುತ್ತದೆ ಅಂತ ಹೇಳತೊಡಗಿದರು. ನಾನೂ ಹುಡುಗರ ನಡುವೆ ನಿಂತು ಕೇಳಿದೆ.

ನಿಮ್ಮ ನೇಮ ಏನು ಅಂತ ಗೊತ್ತಾದ ಮೇಲೆ ಒಂದು ಸಾಲು ಬರೆಯಿರಿ. ಬೀದರ್‌ಗೆ ರೈಲಿದೆಯಲ್ಲ, ಬಂದು ನೋಡುತ್ತೇನೆ.